ನಾಳೆ ಬಾ

ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕೂತರೆ ಬೀದಿಯ ತಿರುವಿನವರೆಗೂ ಕಾಣುತ್ತಿತ್ತು. 1978ರಲ್ಲಿ ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ಆರು ತಿಂಗಳು, ದಿನಾ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ಮೊರದಲ್ಲಿ ಅಕ್ಕಿ ಹಾಕಿಕೊಂಡು ಆ ಜಗಲಿಗೆ ಬಂದು ಕೂರುತ್ತಿದ್ದೆ. ಆರಿಸುವಷ್ಟು ಕಲ್ಲು ಆ ಅಕ್ಕಿಯಲ್ಲಿ ಇರಲಿಲ್ಲ. ಕಣ್ಣೆಲ್ಲ ತಿರುವಿನಲ್ಲಿ ಬರುವ ಅಂಚೆಯಣ್ಣನ ಸೈಕಲ್ಲಿನ ಮೇಲೆ. ಒಂದು ಬ್ಯಾಂಕಿನ ಗುಮಾಸ್ತೆ ಕೆಲಸಕ್ಕೆ ಶಿವಮೊಗ್ಗಕ್ಕೆ ಹೋಗಿ ಪರೀಕ್ಷೆ ಬರೆದು ಬಂದಿದ್ದೆ. ಪಾಸಾದವರಿಗೆ ಸಂದರ್ಶನದ ಕಾಗದ ಬರುತ್ತದೆ ಎಂದಿದ್ದರು. "ಇವತ್ತೂ ಏನಿಲ್ಲ ತಂಗಿ" ಎಂದು ಆತ ದೂರದಿಂದಲೇ ಕೈಯಾಡಿಸಿ ಹೋಗುತ್ತಿದ್ದ. ನಡುವೆ ಹತ್ತು ದಿನ ಚಿಕ್ಕಮ್ಮನ ಬಾಣಂತನಕ್ಕೆ ನೆರವಾಗಲು ಹೊಸನಗರಕ್ಕೆ ಹೋಗಿದ್ದೆ. ಅಷ್ಟು ಬಿಟ್ಟರೆ ಒಂದು ದಿನವೂ ಆ ಕಾವಲು ತಪ್ಪಿಸಿದವಳಲ್ಲ. ಕಾಗದ ಬರಲಿಲ್ಲ. ಪಾಸಾಗಿಲ್ಲ ಎಂದುಕೊಂಡೆ. ಮುಂದಿನ ವೈಶಾಖದಲ್ಲಿ ಮದುವೆಯಾಗಿ ಶಿವಮೊಗ್ಗಕ್ಕೆ ಬಂದೆ.

ಇಷ್ಟು ಹಳೆಯ ಮಾತನ್ನು ಈಗ ತೆಗೆಯುವುದಕ್ಕೆ ಕಾರಣ ಒಂದು ಕಂಪ್ಯೂಟರು. ಅದೂ ಒಂದು ಸಾಲು ಬರೆದದ್ದರಿಂದ ಬಾಗಿಲು ಮುಚ್ಚಿಕೊಂಡು, ಮೂರು ಅಕ್ಷರ ಬರೆದದ್ದರಿಂದ ಬಾಗಿಲು ತೆರೆದ ಕಂಪ್ಯೂಟರು.

ಮದುವೆಯಾಗಿ ಏಳು ವರ್ಷದ ಮೇಲೆ, ಮಕ್ಕಳಿಬ್ಬರೂ ಶಾಲೆಗೆ ಹೊರಟ ಮೇಲೆ, ನಾನು ಟೈಪಿಂಗ್ ಕಲಿತು ನಮ್ಮೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಅದರ ಮುಂದೆ ಕೂರಲು ಉಳಿದವರು ಹೆದರಿದ್ದರಿಂದ ನನಗೇ ಅದು ಅಂಟಿಕೊಂಡಿತು. ಸಂಜೆ ಡಿಪ್ಲೊಮಾ ಮಾಡಿಕೊಂಡೆ. ಹೀಗೆ ನಾನು ಕಂಪ್ಯೂಟರ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಆದದ್ದು. ಹುಡುಗರು ಬೆನ್ನ ಹಿಂದೆ 'ಕಂಪ್ಯೂಟರ್ ಅಮ್ಮ' ಎನ್ನುತ್ತಿದ್ದರು. ನನಗೇನೂ ಬೇಸರವಿರಲಿಲ್ಲ.

2002ರಲ್ಲಿ ಕಾಲೇಜಿಗೆ ಇಂಟರ್‌ನೆಟ್ಟಿನ ಲೀಸ್ಡ್ ಲೈನ್ ಬಂತು. ಅಲ್ಲಿಯವರೆಗೆ ಕಾಲೇಜಿನ ವಿಳಾಸಕ್ಕೆ ಯಾರ ಹೆಸರಿಗೆ ಇ-ಮೇಲ್ ಬಂದರೂ ಅದೆಲ್ಲ ಇಂಟರ್‌ನೆಟ್ ಕೊಡುವ ಕಂಪನಿಯ ಒಂದೇ ಡಬ್ಬಿಗೆ ಬೀಳುತ್ತಿತ್ತು. ನಾವು ದಿನಕ್ಕೆರಡು ಸಲ ಫೋನಿನ ತಂತಿಗೆ ಮೋಡೆಮ್ ಹಚ್ಚಿ, ಅದರ ಕಿರುಚಾಟ ಕೇಳಿ, ಪತ್ರಗಳನ್ನು ಇಳಿಸಿ, ಪ್ರಿಂಟು ತೆಗೆದು ಹಂಚುತ್ತಿದ್ದೆವು. ಇನ್ನು ಮುಂದೆ ನಮ್ಮದೇ ಅಂಚೆ ಕಚೇರಿ ಇರಲಿ, ಎಲ್ಲರಿಗೂ ಅವರವರ ಡಬ್ಬಿ ಇರಲಿ ಎಂದು ಪ್ರಿನ್ಸಿಪಾಲರು ಅಪ್ಪಣೆ ಕೊಟ್ಟರು. ಆ ಕೆಲಸ ಮಾಡಬೇಕಿದ್ದ ಹುಡುಗ ಅದೇ ತಿಂಗಳು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. "ನೀವೇ ನೋಡಿ ಮೇಡಂ, ಒಂದು ಸಾಫ್ಟ್‌ವೇರ್ ಹಾಕೋದು ತಾನೇ" ಎಂದರು. ಹಬ್ಬದ ಅಡಿಗೆ ಮಾಡುವವಳಿಗೆ "ಒಂದು ಹೋಳಿಗೆ ತಾನೇ" ಎಂದ ಹಾಗೆ.

ಬರೀ ಇ-ಮೇಲ್ ಓದುವವರಿಗೆ ಅದರ ಹಿಂದಿನ ಸಾಗಣೆ ಕಾಣುವುದಿಲ್ಲ. ನಾವು ಬರೆಯುವ, ಓದುವ ಸಾಫ್ಟ್‌ವೇರ್ ಬೇರೆ. ಬರೆದದ್ದನ್ನು ಊರಿಂದೂರಿಗೆ ಹೊತ್ತು ತಂದು ಡಬ್ಬಿಗೆ ಹಾಕುವ ಸಾಫ್ಟ್‌ವೇರ್ ಬೇರೆ. ಎರಡನೆಯದು ಹಗಲೂ ರಾತ್ರಿ ಎದ್ದಿರುವ ಅಂಚೆ ಮಾಸ್ತರ. ನಾವು ಹಾಕಿಕೊಂಡದ್ದು ರೆಡ್ ಹ್ಯಾಟ್ 7.2 ಎಂಬ ಲಿನಕ್ಸ್. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಆರಂಭಿಸಿ, ಆಮೇಲೆ ಸಾವಿರಾರು ಜನ ಕೈ ಹಾಕಿ ಬೆಳೆಸಿದ್ದು ಲಿನಕ್ಸ್. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ ಎಂಬುದೇ ನಮ್ಮ ಕಾಲೇಜಿಗೆ ಅದರ ಮುಖ್ಯ ಗುಣ. ಅದರೊಳಗಿನ ಅಂಚೆ ಮಾಸ್ತರನ ಹೆಸರು ಸೆಂಡ್‌ಮೇಲ್. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್ಮನ್ ಎಂಬಾತ 1980ರ ದಶಕದ ಆರಂಭದಲ್ಲಿ ಬರೆದದ್ದು.

ಹಾಕುವುದು ಸುಲಭ. ಸಿ.ಡಿ. ತೂರಿಸಿದರೆ ತಾನೇ ಕೂರುತ್ತದೆ. ಕೂತ ಮೇಲೆ ಅದಕ್ಕೆ ನಮ್ಮ ಮನೆಯ ಪದ್ಧತಿ ಹೇಳಿಕೊಡುವುದಿದೆಯಲ್ಲ, ಅದೇ ಕಷ್ಟ. ಹೊಸ ಸೊಸೆಗೆ ನೀರಿನ ಕೊಡ ಎಲ್ಲಿಡಬೇಕು, ಯಾರಿಗೆ ಮೊದಲು ಬಡಿಸಬೇಕು ಎಂದು ಹೇಳಿಕೊಟ್ಟ ಹಾಗೆ. ಸೆಂಡ್‌ಮೇಲಿನ ಪದ್ಧತಿಯೆಲ್ಲ ಇರುವುದು ಸೆಂಡ್‌ಮೇಲ್ ಡಾಟ್ ಸಿಎಫ್ ಎಂಬ ಕಡತದಲ್ಲಿ. ಅದನ್ನು ಮೊದಲ ಸಲ ತೆರೆದ ದಿನ ನಾನು ಯಂತ್ರ ಕೆಟ್ಟಿತೆಂದೇ ತಿಳಿದೆ. ಡಾಲರ್ ಗುರುತು, ಆವರಣ, ಬಾಣ, ಒಂಟಿ ಅಕ್ಷರ, ಹೀಗೆ ನೂರಾರು ಸಾಲು. ಬೆಕ್ಕು ಕೀಲಿಮಣೆಯ ಮೇಲೆ ನಡೆದುಹೋದಂತಿತ್ತು. ಅದನ್ನು ನೇರವಾಗಿ ಯಾರೂ ಮುಟ್ಟುವುದಿಲ್ಲ ಎಂದು ಆಮೇಲೆ ತಿಳಿಯಿತು. ಸೆಂಡ್‌ಮೇಲ್ ಡಾಟ್ ಎಂಸಿ ಎಂಬ ಇನ್ನೊಂದು ಚಿಕ್ಕ ಕಡತವಿದೆ. ಅದರಲ್ಲಿ ನಮಗೆ ಬೇಕಾದದ್ದನ್ನು ನಾಲ್ಕಾರು ಸಾಲಿನಲ್ಲಿ ಬರೆದು, ಎಂ4 ಎಂಬ ಸಲಕರಣೆಯಲ್ಲಿ ಹಾಯಿಸಿದರೆ ಅದೇ ಆ ದೊಡ್ಡ ಕಡತವನ್ನು ಬರೆದುಕೊಡುತ್ತದೆ.

ಹಾಗೇ ಮಾಡಿದೆ. ಹದಿನೈದು ದಿನ ಲ್ಯಾಬು ಮುಗಿದ ಮೇಲೆ ಒಬ್ಬಳೇ ಕೂತು, ಬಂದಷ್ಟು ಇಂಗ್ಲಿಷಿನಲ್ಲಿ ಪುಸ್ತಕ ಓದಿಕೊಂಡು ಮಾಡಿದೆ. ಏಪ್ರಿಲ್ 6, ಶನಿವಾರ. ಆ ಯಂತ್ರದಲ್ಲೇ ನನ್ನಿಂದ ಲೈಬ್ರರಿಯನ್ನರಿಗೆ, ಅವರಿಂದ ಪ್ರಿನ್ಸಿಪಾಲರಿಗೆ ಪತ್ರ ಹೋಯಿತು, ಬಂತು. ಬೆಂಗಳೂರಿನಲ್ಲಿದ್ದ ನನ್ನ ಅಣ್ಣನ ಮಗನಿಗೆ ಒಂದು ಬರೆದೆ, ಅವನಿಗೂ ಮುಟ್ಟಿತಂತೆ, ಫೋನು ಮಾಡಿ ಹೇಳಿದ. ಕಂಪನಿಯವರಿಗೆ ಹೇಳಿ ಎಂಎಕ್ಸ್ ದಾಖಲೆ ಬದಲಾಯಿಸಿದೆವು. 'ಈ ಹೆಸರಿನವರ ಟಪಾಲು ಇನ್ನು ಮುಂದೆ ಈ ಮನೆಗೆ ಕೊಡಿ' ಎಂದು ಜಗತ್ತಿಗೆಲ್ಲ ಹೇಳುವ ದಾಖಲೆ ಅದು. ಸೋಮವಾರ ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ನನ್ನ ಹೆಸರು ಹೇಳಿ ಹೊಗಳಿದರು. ಆ ದಿನ ಮನೆಗೆ ಹೋಗುತ್ತ ಕಾಲು ಕೆ.ಜಿ. ಪೇಡೆ ಒಯ್ದೆ.

ಅದೇ ಸೋಮವಾರ ಮಧ್ಯಾಹ್ನ ಕೊನೆಯ ವರ್ಷದ ಒಬ್ಬಳು ಹುಡುಗಿ ಲ್ಯಾಬಿಗೆ ಬಂದು ಬಾಗಿಲಲ್ಲೇ ನಿಂತಳು. ಹೊಳೆಯಾಚೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಮಾಡಲು ಅರ್ಜಿ ಹಾಕಿದ್ದಳು. ಸೀಟು ಸಿಕ್ಕಿತ್ತು, ಫೀಸಿಗೆ ದಾರಿ ಇರಲಿಲ್ಲ. ಒಬ್ಬ ಪ್ರೊಫೆಸರರು ಅಸಿಸ್ಟೆಂಟ್‌ಶಿಪ್ ಕೊಡುವ ವಿಚಾರ ಬರೆದು ತಿಳಿಸುತ್ತೇನೆ ಎಂದಿದ್ದರಂತೆ. ಅಂಥ ನೆರವಿಗೆ ಹೂಂ ಅಥವಾ ಉಹೂಂ ಹೇಳಲು ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ 15 ಕಡೆಯ ದಿನ. "ಮೇಡಂ, ನನಗೇನಾದ್ರೂ ಮೇಲ್ ಬಂದಿದೆಯಾ?" ಎಂದಳು. ನಾನು ಅವಳ ಡಬ್ಬಿ ತೆರೆದು ನೋಡಿ "ಇಲ್ಲಮ್ಮ, ಏನೂ ಬಂದಿಲ್ಲ" ಎಂದೆ. ಮಂಗಳವಾರವೂ ಬಂದಳು. ಮಂಗಳವಾರವೂ ಹೇಳಿದೆ. ಎಷ್ಟು ಧೈರ್ಯವಾಗಿ ಹೇಳಿದೆ ಎಂದರೆ, ಈಗ ನೆನೆದರೆ ಮೈ ಬಿಸಿಯಾಗುತ್ತದೆ.

ಮಂಗಳವಾರ ರಾತ್ರಿ ಅಣ್ಣನ ಮಗನ ಫೋನು. "ಅತ್ತೆ, ಯುಗಾದಿಗೆ ಯಾವ ಬಸ್ಸಿಗೆ ಬರ್ತೀನಿ ಅಂತ ಬೆಳಿಗ್ಗೆ ನಿಮ್ಮ ಹೊಸ ವಿಳಾಸಕ್ಕೆ ಬರೆದಿದ್ದೆ. ನಾಲ್ಕು ಗಂಟೆ ಆದರೂ ಮುಟ್ಟಿಸೋಕೆ ಆಗಿಲ್ಲ, ಇನ್ನೂ ಪ್ರಯತ್ನ ಮಾಡ್ತಿದೀನಿ ಅಂತ ನಮ್ಮ ಸರ್ವರ್ ಹೇಳ್ತಿದೆ. ನಿಮ್ಮನೆ ಬಾಗಿಲು ಹಾಕಿದೆ ಅತ್ತೆ."

ರಾತ್ರಿಯೆಲ್ಲ ನಿದ್ದೆಯಿಲ್ಲ. ಶನಿವಾರದಿಂದ ಹೊರಗಿನ ಒಂದಾದರೂ ಪತ್ರ ಬಂದಿತ್ತೇ ಎಂದು ಲೆಕ್ಕ ಹಾಕಿದೆ. ಒಂದೂ ಬಂದಿರಲಿಲ್ಲ. ಮನೆಯವರು ಮನೆಯವರೇ ಮಾತಾಡಿಕೊಂಡು, ಹೊರಗೆ ಹೋಗುವವರು ಹೋಗಿ, ಎಲ್ಲ ಸರಿಯಿದೆ ಎಂದು ಪೇಡೆ ತಿಂದಿದ್ದೆವು. ಬರುವವರು ಬರುತ್ತಿದ್ದಾರೆಯೇ ಎಂದು ಯಾರೂ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ಏಳಕ್ಕೇ ಲ್ಯಾಬಿನ ಬೀಗ ತೆಗೆಸಿದೆ. ಅಣ್ಣನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಟಪಾಲಿನ ಯಂತ್ರಗಳು ಒಂದರ ಜೊತೆ ಇನ್ನೊಂದು ಮಾತಾಡುವುದು 25ನೆಯ ಬಾಗಿಲಿನಲ್ಲಿ. ಏನು ಮಾತಾಡಬೇಕೆಂಬ ರೀತಿಯನ್ನು 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಎಂಬುವರು ಬರೆದಿಟ್ಟಿದ್ದಾರೆ. ನಮ್ಮಲ್ಲಿ ಬೀಗರು ಬಂದಾಗ ನಡೆಯುವ ಉಪಚಾರದಷ್ಟೇ ಕ್ರಮವಾಗಿದೆ ಅದು. ಬಾಗಿಲು ತೆರೆದವರು 220 ಎನ್ನಬೇಕು, ಎಂದರೆ ಬನ್ನಿ. ಬಂದವರು ಹೆಲೋ ಎಂದು ತಮ್ಮ ಹೆಸರು ಹೇಳಬೇಕು. (ಆಜ್ಞೆಗಳೆಲ್ಲ ನಾಲ್ಕೇ ಅಕ್ಷರ ಇರಬೇಕೆಂದು ಆ ಹೆಲೋಗೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಕಡಿಮೆ.) ಇಂಥವರಿಂದ ಪತ್ರ ತಂದಿದ್ದೇನೆ, 250, ಸರಿ. ಇಂಥವರಿಗೆ, 250, ಸರಿ. ಪತ್ರ ಕೊಡಲೇ? 354, ಕೊಡಿ, ಮುಗಿದಾಗ ಒಂದು ಸಾಲಿನಲ್ಲಿ ಬರೀ ಒಂದು ಚುಕ್ಕಿ ಇಡಿ. ಚುಕ್ಕಿ ಇಟ್ಟ ಮೇಲೆ ಇನ್ನೊಂದು 250.

ಆ ಕೊನೆಯ 250 ಬರೀ ಸರಿ ಎಂಬ ಮಾತಲ್ಲ. ಅದನ್ನು ಹೇಳಿದ ಗಳಿಗೆಯಿಂದ ಆ ಪತ್ರದ ಹೊಣೆ ಪಡೆದವರದು. ತಲುಪಿಸಬೇಕು. ತಲುಪಿಸಲಾಗದಿದ್ದರೆ ಆಗಲಿಲ್ಲ ಎಂದು ಬರೆದವರಿಗೆ ತಿಳಿಸಬೇಕು. ಕ್ಷುಲ್ಲಕ ಕಾರಣಕ್ಕೆ ಕಳೆದುಬಿಡುವಂತಿಲ್ಲ ಎಂದು 1989ರ ಇನ್ನೊಂದು ನಿಯಮಪತ್ರದಲ್ಲಿ ಬಿಡಿಸಿ ಬರೆದಿದ್ದಾರೆ. ಸುಮ್ಮನೆ ಇಟ್ಟುಕೊಳ್ಳುವುದು ಎಂಬ ಮೂರನೆಯ ದಾರಿಯೇ ಇಲ್ಲ.

ಅದೇ ಯಂತ್ರದ ಮುಂದೆ ಕೂತು ನಾನು 25ನೆಯ ಬಾಗಿಲು ತಟ್ಟಿದರೆ 220 ಎಂದು ಉಪಚಾರ ಮಾಡುತ್ತಿತ್ತು. ಬೆಂಗಳೂರಿನಿಂದ ಅವನು ತಟ್ಟಿದರೆ ಮಾತೇ ಇಲ್ಲ. ಯಾವ ಬಾಗಿಲು ಯಾರಿಗೆ ತೆರೆದಿದೆ ಎಂದು ತೋರಿಸುವ ನೆಟ್‌ಸ್ಟ್ಯಾಟ್ ಎಂಬ ಆಜ್ಞೆ ಕೊಟ್ಟೆವು. 25ರ ಎದುರು ಇದ್ದದ್ದು 127.0.0.1 ಎಂಬ ವಿಳಾಸ. ಪ್ರತಿಯೊಂದು ಕಂಪ್ಯೂಟರೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ ಅದು, 'ನಾನೇ' ಎಂದ ಹಾಗೆ. ನಮ್ಮ ಅಂಚೆ ಮಾಸ್ತರ ತನ್ನ ಮನೆಯವರ ಕೈಯಿಂದ ಬಿಟ್ಟರೆ ಬೇರೆ ಯಾರ ಕೈಯಿಂದಲೂ ಪತ್ರ ಮುಟ್ಟದ ಮಡಿವಂತನಾಗಿ ಕೂತಿದ್ದ.

ಅದು ಅವನ ತಪ್ಪಲ್ಲ. ಆ ವರ್ಷಗಳಲ್ಲಿ ತೆರೆದ ಬಾಗಿಲು ಕಂಡಲ್ಲೆಲ್ಲ ನುಗ್ಗಿ ಕಂಡವರ ಯಂತ್ರದಿಂದ ಲಕ್ಷಾಂತರ ಜಾಹೀರಾತು ಪತ್ರ ಹೊರಡಿಸುವ ಕಳ್ಳರು ಹೆಚ್ಚಾಗಿದ್ದರು. ಬೇಕೆಂದವರು ತಿಳಿದು ತೆರೆದುಕೊಳ್ಳಲಿ ಎಂದು ಮೊದಲೇ ಬಾಗಿಲು ಹಾಕಿ ಕೊಡುತ್ತಿದ್ದರು. ಎಂಸಿ ಕಡತದಲ್ಲಿ ಆ ಸಾಲಿನ ಪಕ್ಕದಲ್ಲೇ, ಹೊರಗಿನ ಪತ್ರ ಬೇಕಿದ್ದರೆ ಇದನ್ನು ತೆಗೆಯಿರಿ ಎಂಬ ಅರ್ಥದ ಸೂಚನೆಯೂ ಇತ್ತು. ಹದಿನೈದು ದಿನ ಅದರ ಮೇಲೆ ಕಣ್ಣು ಹಾಯಿಸಿದ್ದೆ, ಓದಿರಲಿಲ್ಲ.

ಆ ಸಾಲಿನ ಮುಂದೆ ಡಿ ಎನ್ ಎಲ್ ಎಂಬ ಮೂರು ಅಕ್ಷರ ಬರೆಯಬೇಕು. ಬರೆದರೆ ಆ ಸಾಲು ಇಲ್ಲದಂತೆ. ಬರೆಯಲು ಕೈ ಇಟ್ಟಾಗ ಅವನು ತಡೆದ. "ಬಾಗಿಲು ತೆಗೆಯೋ ಮುಂಚೆ ಒಂದು ನೋಡಿ ಅತ್ತೆ. ಲೋಕಲ್ ಹೋಸ್ಟ್ ನೇಮ್ಸ್ ಅಂತ ಒಂದು ಕಡತ ಇದೆ. ಅದರಲ್ಲಿ ಕಾಲೇಜಿನ ಹೆಸರು ಬರೆದಿದೀರಾ?" ತೆರೆದರೆ ಖಾಲಿ. ನಾವು ಒಳಗೊಳಗೇ ಪರೀಕ್ಷೆ ಮಾಡುವಾಗ ಬರೀ ಹೆಸರು ಬರೆದುಕೊಂಡಿದ್ದರಿಂದ ಅದೂ ತಿಳಿದಿರಲಿಲ್ಲ. "ಅಬ್ಬ! ಈಗ ಬಾಗಿಲು ತೆಗೆದಿದ್ದರೆ ಬಂದ ಪತ್ರಕ್ಕೆಲ್ಲ 'ಆ ಹೆಸರಿನವರ ಮನೆ ಇದಲ್ಲ' ಅಂತ ಹೇಳಿ ವಾಪಸ್ ಕಳಿಸಿಬಿಡ್ತಿತ್ತು" ಎಂದ.

ಅವನು ಹೇಳಿದ ವ್ಯತ್ಯಾಸ ನನಗೆ ಚೆನ್ನಾಗಿ ನೆನಪಿದೆ. ಐನೂರರಿಂದ ಶುರುವಾಗುವ ಉತ್ತರವೆಂದರೆ 'ಇಲ್ಲ'. ಬಂದವರು ಮತ್ತೆ ಬರುವುದಿಲ್ಲ. ನಾನೂರರಿಂದ ಶುರುವಾದರೆ 'ಈಗ ಆಗುವುದಿಲ್ಲ, ಆಮೇಲೆ ಬಾ'. ಬಾಗಿಲೇ ತೆರೆಯದಿದ್ದರೂ ಅದೇ ಲೆಕ್ಕ. ಹಿಂದೆ ನಮ್ಮ ಕಡೆ ರಾತ್ರಿ ಕದ ತಟ್ಟುವ ದೆವ್ವಕ್ಕೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದದ್ದು ನಿಮಗೂ ನೆನಪಿರಬಹುದು. ದೆವ್ವ ಓದಿಕೊಂಡು ಹೋಗಿ ಮಾರನೆಯ ದಿನ ಬಂದು ಮತ್ತೆ ಓದುತ್ತಿತ್ತಂತೆ. ಟಪಾಲಿನ ಯಂತ್ರಗಳದೂ ಅಂಥ ನಿಷ್ಠೆ. ಮುಚ್ಚಿದ ಬಾಗಿಲಿಗೆ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಬಂದು ತಟ್ಟುತ್ತವೆ. ಸಾಮಾನ್ಯವಾಗಿ ಐದು ದಿನ. ಆರನೆಯ ದಿನಕ್ಕೆ, ತಲುಪಲಿಲ್ಲ ಎಂದು ಬರೆದವರಿಗೆ ತಿಳಿಸಿ ಕೈಬಿಡುತ್ತವೆ. ನಮಗೆ ಅಂದು ನಾಲ್ಕನೆಯ ದಿನ.

ಹೆಸರು ಬರೆದೆ. ಮೂರು ಅಕ್ಷರ ಬರೆದೆ. ಎಂ4ನಲ್ಲಿ ಹಾಯಿಸಿ ಸೆಂಡ್‌ಮೇಲನ್ನು ನಿಲ್ಲಿಸಿ ಮತ್ತೆ ಹೊರಡಿಸಿದೆ. ಹತ್ತೂಕಾಲಿಗೆ ಮೊದಲ ಪತ್ರ ಬಂತು, ಯಾವುದೋ ಪುಸ್ತಕದ ಅಂಗಡಿಯ ಬಿಲ್ಲು. ಆಮೇಲೆ ಒಂದೊಂದೇ. ನಾಲ್ಕು ದಿನ ಬೀದಿಯಲ್ಲಿ ನಿಂತಿದ್ದವರು ತಮ್ಮ ತಮ್ಮ ಸರದಿಗೆ ಮತ್ತೆ ತಟ್ಟಿ, ಈ ಸಲ ಬಾಗಿಲು ತೆರೆದದ್ದು ಕಂಡು ಒಳಗೆ ಬಂದರು. ಮಧ್ಯಾಹ್ನ ಎರಡರ ಸುಮಾರಿಗೆ ಆ ಹುಡುಗಿಯ ಡಬ್ಬಿಗೂ ಒಂದು ಬಿತ್ತು. ನಾನು ಅದನ್ನು ತೆರೆಯಲಿಲ್ಲ. ಜವಾನನನ್ನು ಕ್ಲಾಸಿಗೆ ಕಳಿಸಿ ಅವಳನ್ನೇ ಕರೆಸಿದೆ.

ಅವಳು ನಿಂತೇ ಓದಿದಳು. ಎರಡು ಸಲ ಓದಿದಳು. ಪತ್ರ ಬರೆದದ್ದು ಶನಿವಾರ ರಾತ್ರಿ. "ಇದು ನಾಲ್ಕು ದಿನದಿಂದ ನಮ್ಮ ಬಾಗಿಲಲ್ಲಿ ನಿಂತಿತ್ತಮ್ಮ, ತಪ್ಪು ನನ್ನದು" ಎಂದೆ. "ಬಂತಲ್ಲ ಮೇಡಂ" ಎಂದಳು. ಉತ್ತರವನ್ನು ಅಲ್ಲೇ ಕೂತು ಬರೆದಳು. ಆ ಆಗಸ್ಟಿನಲ್ಲಿ ಅವಳು ಹೊರಟಳು.

ಅಂದು ರಾತ್ರಿ ಊಟ ಬಡಿಸುತ್ತ ಈ ಕಥೆಯನ್ನೆಲ್ಲ ಮನೆಯಲ್ಲಿ ಹೇಳಿದೆ. ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಳು. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಎಲ್ಲರ ಊಟವಾದ ಮೇಲೆ, ನಾನು ಒಲೆಕಟ್ಟೆ ಒರೆಸುವಾಗ ಕೇಳಿದಳು: "ತಗೊಂಡ ಕಾಗದನ ಕೊಡದೇ ಇಟ್ಟುಕೊಂಡರೆ ಆ ಮಿಷಿನ್ನಿಗೆ ಏನು ಮಾಡ್ತಾರೆ?"

"ಇಟ್ಟುಕೊಳ್ಳೋ ಹಾಗೇ ಇಲ್ಲಮ್ಮ. ತಲುಪಿಸಬೇಕು. ಆಗದಿದ್ದರೆ ಆಗಲಿಲ್ಲ ಅಂತ ಹೇಳಬೇಕು."

ಅಮ್ಮ ಎದ್ದು ಹೋಗಿ ಮಲಗಿದಳು.

ಶನಿವಾರ ಯುಗಾದಿ. ಅಣ್ಣನ ಮಗ ಬಂದಿದ್ದ. ಹಬ್ಬ ಮುಗಿದ ಮಾರನೆಯ ದಿನ ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಅಮ್ಮ ತನ್ನ ಟ್ರಂಕಿನ ತಳದ ಪೇಪರಿನ ಕೆಳಗಿನಿಂದ ಒಂದು ಲಕೋಟೆ ತಂದು ನನ್ನ ಕೈಗೆ ಕೊಟ್ಟಳು. ಕಂದುಬಣ್ಣದ ಲಕೋಟೆ. ಟೈಪ್ ಮಾಡಿದ ನನ್ನ ಹೆಸರು, ಮದುವೆಗೆ ಮುಂಚಿನ ಹೆಸರು. ಮಂಗಳೂರಿನಲ್ಲಿ ಸಂದರ್ಶನಕ್ಕೆ ಬರಬೇಕೆಂದು 1978ರಲ್ಲಿ ಬ್ಯಾಂಕಿನವರು ಬರೆದ ಕಾಗದ. ನಾನು ಹೊಸನಗರಕ್ಕೆ ಹೋದ ಹತ್ತು ದಿನಗಳಲ್ಲಿ ಬಂದಿತ್ತು.

"ಆಗ ಇವರ ಕಡೆಯಿಂದ ಮಾತು ನಡೀತಿತ್ತು. ಕೆಲಸಕ್ಕೆ ಹೋಗೋ ಹುಡುಗಿ ಅಂದರೆ ಬೇಡ ಅಂತಾರೇನೋ ಅಂತ ನಿಮ್ಮಪ್ಪನಿಗೆ ಹೆದರಿಕೆ. ಹರಿದುಹಾಕು ಅಂದರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹರಿಯೋಕೆ ಕೈ ಬರಲಿಲ್ಲ ಕಣೆ. ಕೊಡೋಕೂ ಬರಲಿಲ್ಲ" ಎಂದಳು.

ನಾನು ಏನೂ ಹೇಳಲಿಲ್ಲ. ಎರಡು ದಿನ ಅಮ್ಮನ ಜೊತೆ ಊಟ, ಮಾತ್ರೆ, ಸ್ನಾನದ ನೀರು ಇಷ್ಟೇ ಮಾತು. ಮೂರನೆಯ ದಿನ ಯಜಮಾನರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, "ಬೇಡ ಅಂತ ನಮ್ಮ ಮನೇಲಿ ಯಾರೂ ಅಂದಿರಲಿಲ್ಲವಲ್ಲೇ. ಕೇಳಿಯೇ ಇರಲಿಲ್ಲ" ಎಂದರು. ನನಗೆ ಅಳು ಬಂದದ್ದು ಆಗ. ಬೇಡವೆಂದವರು ಯಾರೂ ಇರಲಿಲ್ಲ. ಬೇಡವೆನ್ನಬಹುದು ಎಂಬ ಭಯವೊಂದೇ ನನ್ನ ಕಾಗದವನ್ನು ಇಪ್ಪತ್ತನಾಲ್ಕು ವರ್ಷ ಹಿಡಿದಿಟ್ಟಿತ್ತು.

ಸಂದರ್ಶನಕ್ಕೆ ಹೋಗಿದ್ದರೆ ಕೆಲಸ ಸಿಗುತ್ತಿತ್ತೆಂದು ಹೇಳಲಾರೆ. ಸಿಕ್ಕಿದ್ದರೆ ಈಗಿನದಕ್ಕಿಂತ ಚೆನ್ನಾಗಿರುತ್ತಿದ್ದೆನೆಂದೂ ಹೇಳಲಾರೆ. ನನ್ನ ಸಂಕಟ ಅದರದಲ್ಲ. ಇಪ್ಪತ್ತನಾಲ್ಕು ವರ್ಷ ನಾನು ನನ್ನನ್ನು ಫೇಲಾದವಳು ಎಂದು ತಿಳಿದಿದ್ದೆನಲ್ಲ, ಅದರದು. ಟೈಪಿಸ್ಟ್ ಆದಾಗ, ಡಿಪ್ಲೊಮಾಕ್ಕೆ ಸೇರುವಾಗ, ಪ್ರತಿ ಸಲವೂ ಒಳಗೊಬ್ಬಳು 'ನಿನ್ನ ಕೈಲಿ ಆಗುತ್ತಾ, ಬ್ಯಾಂಕ್ ಪರೀಕ್ಷೆ ಪಾಸಾಗಲಿಲ್ಲ ನೀನು' ಎನ್ನುತ್ತಿದ್ದಳು. ಪಾಸಾಗಿದ್ದೆ. ಅಮ್ಮನನ್ನು ಕ್ಷಮಿಸಿದೆಯಾ ಎಂದರೆ ಸರಿಯಾದ ಉತ್ತರ ನನ್ನಲ್ಲಿಲ್ಲ. ಅವಳು ಹರಿಯಲಿಲ್ಲ ಎಂಬುದೂ ನಿಜ, ಕೊನೆಗೆ ತಾನಾಗಿ ಕೊಟ್ಟಳು ಎಂಬುದೂ ನಿಜ. 2009ರಲ್ಲಿ ಅವಳು ಹೋಗುವವರೆಗೂ ನಾವಿಬ್ಬರೂ ಆ ಕಾಗದದ ಮಾತು ಮತ್ತೆ ಎತ್ತಲಿಲ್ಲ. ಲಕೋಟೆ ಈಗ ನನ್ನ ಬೀರುವಿನಲ್ಲಿದೆ.

ಸೆಂಡ್‌ಮೇಲಿನ ಕಾಲವೂ ಹಿಂದಾಯಿತು. 2010ರಲ್ಲಿ ರೆಡ್ ಹ್ಯಾಟಿನವರೇ ಅದರ ಜಾಗದಲ್ಲಿ ಪೋಸ್ಟ್‌ಫಿಕ್ಸ್ ಎಂಬ ಇನ್ನೊಬ್ಬ ಅಂಚೆ ಮಾಸ್ತರನನ್ನು ಕೂರಿಸಿದರು. ಅವನ ಪದ್ಧತಿಯ ಕಡತ ಓದಿದರೆ ಅರ್ಥವಾಗುತ್ತದೆ. ಈಗ ಬಹಳ ಕಾಲೇಜುಗಳು ಈ ಕೆಲಸವನ್ನೇ ದೊಡ್ಡ ಕಂಪನಿಗಳಿಗೆ ಒಪ್ಪಿಸಿವೆ. ಸ್ವಂತ ಅಂಚೆ ಕಚೇರಿ ಇಡುತ್ತೇನೆಂದರೆ ಬಾಗಿಲು ತೆರೆದರೆ ಸಾಲದು, ಈ ಪತ್ರ ಹೊರಟದ್ದು ನಿಜವಾಗಿಯೂ ನಮ್ಮ ಮನೆಯಿಂದಲೇ ಎಂದು ಸಹಿ ಮುದ್ರೆಗಳ ಸಮೇತ ಸಾಬೀತು ಮಾಡಬೇಕು. ಆದರೆ 250ರ ಅರ್ಥ ಮಾತ್ರ ಇವತ್ತಿಗೂ ಅದೇ.

ನಿವೃತ್ತಿಯಾಗುವವರೆಗೂ ಆ ಲ್ಯಾಬಿನಲ್ಲಿ ನಾನೊಂದು ಅಭ್ಯಾಸ ಇಟ್ಟುಕೊಂಡಿದ್ದೆ. ಯಂತ್ರ ತನಗೆ ಯಾರು ಬಂದರು, ಯಾರು ಹೋದರು, ಯಾರಿಗೆ ಏನು ಹೇಳಿದೆ ಎಂಬುದನ್ನೆಲ್ಲ ಮೇಲ್‌ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ. ಯಾವ ಹುಡುಗಿ ಬಂದು "ಮೇಡಂ, ನನಗೇನಾದ್ರೂ ಬಂದಿದೆಯಾ?" ಎಂದರೂ, ಬಂದಿಲ್ಲ ಎಂದು ಕೂತಲ್ಲಿಂದಲೇ ಹೇಳುವುದನ್ನು ಬಿಟ್ಟೆ. "ನಿಲ್ಲು, ನೋಡಿ ಹೇಳ್ತೀನಿ" ಎಂದು ಕುರ್ಚಿ ಎಳೆದು ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಆ ಕಡತ ತೆರೆದು, ಇಬ್ಬರೂ ಸಾಲು ಸಾಲಾಗಿ ನೋಡುತ್ತಿದ್ದೆವು.